ಉಪ್ಪುನೀರು ಕುಡಿದ ಗಾಡಿ

ಮೈಲಾಪೂರ್, ಚೆನ್ನೈ
೨೫ ಮೇ ೨೦೨೫, ಭಾನುವಾರ

ಪ್ರೀತಿಯ ಅಪ್ಪನಿಗೆ ವೃಂದಾ ಮಾಡುವ ನಮಸ್ಕಾರಗಳು.

ಎದೆಯ ಹೊಲಿಗೆ ಪೂರ್ತಿ ಒಣಗಿತೇ? ತೃಪ್ತಿ ಅಕ್ಕನ ಮನೆಯ ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀವು ಎಷ್ಟರಮಟ್ಟಿಗೆ ಪಾಲಿಸುತ್ತಿದ್ದೀರಿ ಎಂಬುದು ಅಮ್ಮನ ದನಿಯಲ್ಲೇ ಗೊತ್ತಾಗುತ್ತದೆ. ಮೈಸೂರಿನಲ್ಲಿ ಮಳೆಯಂತೆ. ಇಲ್ಲಿ ಬೆಳಿಗ್ಗೆ ಎಂಟಕ್ಕೇ ಸ್ಟೀರಿಂಗ್ ಮುಟ್ಟಲಾಗುವುದಿಲ್ಲ. ಫೋನಿನಲ್ಲಿ ನಿಮ್ಮ ಹತ್ತಿರ ಮಾತ್ರೆ, ಮಜ್ಜಿಗೆ ಬಿಟ್ಟು ಬೇರೇನೂ ಮಾತಾಡಕೂಡದೆಂದು ಅಕ್ಕನ ಕಟ್ಟಪ್ಪಣೆ. ಅದಕ್ಕೇ ಈ ಕಾಗದ. ಗಾಡಿಯ ವಿಷಯ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಆಪರೇಷನ್ ಮುಗಿದು ನೀವು ಮೈಸೂರಿಗೆ ಹೊರಟ ದಿನ, ಸೆಂಟ್ರಲ್ ಸ್ಟೇಷನ್ನಿನಲ್ಲಿ ನಾನು ನುಂಗಂಬಾಕ್ಕಂ ಸ್ಕೂಲಿನ ಸುದ್ದಿ ತೆಗೆದೆನಲ್ಲ, ಕೆಮಿಸ್ಟ್ರಿ ಟೀಚರ್ ಕೆಲಸ, ಜೂನ್ ಎರಡಕ್ಕೆ ಸೇರಬೇಕೆಂದು. ನೀವು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ‘ಗಾಡಿ ಓಡೋ ತನಕ ಅಡುಗೆ ಕಾಂಟ್ರಾಕ್ಟು ಬಿಡ್ಬೇಡ ಪುಟ್ಟಿ. ಅದು ನಿಂತ್ಹೋದ ದಿನ ನಿನ್ನ ದಾರಿ ನೀನು ನೋಡ್ಕೊ’ ಅಂದಿರಿ. ಹತ್ತೊಂಬತ್ತು ವರ್ಷದ ಪಿಕಪ್ಪು, ಇನ್ನೆಷ್ಟು ದಿನ ಓಡೀತು ಎಂದುಕೊಂಡು ನಾನೂ ತಲೆಯಾಡಿಸಿದೆ. ಅಂದಿನಿಂದ ನನ್ನದು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಏಪ್ರಿಲ್ ಕೊನೆಯಿಂದ ಇಂಜಿನ್ ಕಾಯಲು ಶುರುವಾಯಿತು. ಖಾಲಿ ಗಾಡಿಯಾದರೆ ತಕರಾರಿಲ್ಲ. ಅನ್ನ, ಸಾರು, ಪಾಯಸದ ಪಾತ್ರೆ ತುಂಬಿಸಿ ಫ್ಲೈಓವರ್ ಹತ್ತಿಸಿದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿತ್ತು. ನೀವು ಕಲಿಸಿದಂತೆ ಒಂದೊಂದೇ ನೋಡುತ್ತ ಬಂದೆ. ಫ್ಯಾನ್ ಬೆಲ್ಟ್ ಸಡಿಲವಿತ್ತು, ಬಿಗಿ ಮಾಡಿದೆ, ಗುಣ ಕಾಣಲಿಲ್ಲ. ರೇಡಿಯೇಟರಿನ ಮುಚ್ಚಳ ಹೊಸದು ಹಾಕಿದೆ, ಆಗಲೂ ಇಲ್ಲ. ಬಿಸಿಯಾದಾಗ ಬಾಯಿಬಿಟ್ಟು ನೀರು ಹರಿಯಗೊಡುವ ಆ ಪುಟ್ಟ ಥರ್ಮೋಸ್ಟಾಟನ್ನು ಬಿಚ್ಚಿ, ನಮ್ಮ ಅಡುಗೆಯ ಪ್ರೇಮಮ್ಮನಿಗೆ ಕಾಣದಂತೆ ಒಂದು ಪಾತ್ರೆಯಲ್ಲಿ ಕುದಿಯಲು ಬಿಟ್ಟೆ. ಸರಿಯಾಗಿಯೇ ಬಾಯಿ ತೆರೆಯಿತು. ಅಷ್ಟರಲ್ಲಿ ಪ್ರೇಮಮ್ಮ ಬಂದು, ‘ಒಗ್ಗರಣೆ ಯಾವಾಗ ಹಾಕ್ಲಿ ಇದಕ್ಕೆ?’ ಎಂದು ಕೇಳಿದರು. ಆ ಪಾತ್ರೆ ಈಗ ಬಚ್ಚಲಿಗೆ ಬಡ್ತಿ ಪಡೆದಿದೆ.

ಕೊನೆಗೆ ಆಯಿಲ್ ನೋಡುವ ಕಡ್ಡಿ ಎಳೆದೆ. ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಒಳಗೆ ಸೇರಿದೆ, ಇಂಜಿನ್ ಬಿಚ್ಚಬೇಕು, ಈ ವಯಸ್ಸಿನ ಗಾಡಿಗೆ ಅಲ್ಲಿಗೆ ಮಂಗಳ ಎಂದು ನೀವೇ ಹೇಳುತ್ತಿದ್ದಿರಿ. ಅಪ್ಪ, ಹಾಗಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಆಯಿಲ್ ಕಪ್ಪಗೆ, ಶುದ್ಧವಾಗಿತ್ತು. ಕಡ್ಡಿ ಒರೆಸುತ್ತ ಅಳು ಬಂತು.

ಕಳೆದ ಗುರುವಾರ ಮಾಧವರಂನಲ್ಲಿ ಒಂದು ಷಷ್ಟ್ಯಬ್ದಿ, ನೂರಿಪ್ಪತ್ತು ಎಲೆ. ಅಲ್ಲಿಯ ಹಾಲಿನ ಡೈರಿ ಇನ್ನೆರಡು ಕಿಲೋಮೀಟರ್ ಇರುವಾಗ ಮುಳ್ಳು ಕೆಂಪು ದಾಟಿತು. ಪಕ್ಕದಲ್ಲಿ ಪ್ರೇಮಮ್ಮ ತೂಕಡಿಸುತ್ತಿದ್ದರು. ಹಾಗೇ ಓಡಿಸಿದ್ದರೆ ಇಂಜಿನ್ ಕಚ್ಚಿಕೊಳ್ಳುತ್ತಿತ್ತು, ಗಾಡಿ ನಿಲ್ಲುತ್ತಿತ್ತು, ನಿಮ್ಮ ಮಾತಿನ ಪ್ರಕಾರ ನನಗೆ ಬಿಡುಗಡೆ. ಯಾರೂ ನನ್ನನ್ನು ಒಂದು ಮಾತು ಅನ್ನುತ್ತಿರಲಿಲ್ಲ. ಸುಮಾರು ನೂರು ಗಜ ಹಾಗೇ ಓಡಿಸಿಯೂ ಓಡಿಸಿದೆ. ಆಮೇಲೆ ಆಕ್ಸಿಲರೇಟರಿನ ಮೇಲಿಂದ ಕಾಲು ತಾನಾಗಿ ಎದ್ದಿತು. ಬದಿಗೆ ಹಾಕಿ, ಇಂಜಿನ್ ಆರಿಸಿ, ಮುಚ್ಚಳ ಮುಟ್ಟದೆ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆ. ಊಟ ತಡವಾಯಿತು. ಮನೆಯ ಯಜಮಾನರು ಎಲ್ಲರೆದುರಿಗೆ, ‘ಅಪ್ಪಾ ಇರುಂದಾ ಇಪ್ಪಡಿ ಆಗುಮಾ?’ ಎಂದರು. ನೀವಿದ್ದಿದ್ದರೆ ಹೀಗಾಗುತ್ತಿತ್ತೇ ಎಂದು. ತಲೆ ತಗ್ಗಿಸಿಕೊಂಡು ಬಡಿಸಿದೆ.

ಅಲ್ಲಿಂದ ಸೀದಾ ಅಂದಾನಿಯ ಶೆಡ್ಡಿಗೆ ಹೋದೆ. ಕೊಳ್ಳೇಗಾಲದ ಕಡೆಯವನು, ಮಾಧವರಂ ಬಸ್ ನಿಲ್ದಾಣದ ಹಿಂದೆ ಮೆಕ್ಯಾನಿಕ್ಕು. ರೇಡಿಯೇಟರಿನ ಮೇಲೆ ಅಂಗೈ ಆಡಿಸಿದ. ಅಂಚು ಸುಡುತ್ತಿತ್ತು, ನಡುವೆ ತಣ್ಣಗಿತ್ತು. ‘ನೀರು ಇಲ್ಲಿ ಹರೀತಾನೇ ಇಲ್ಲ ಕಣಕ್ಕಾ, ಹೊಟ್ಟೆ ತುಂಬ ಸುಣ್ಣ ಕಟ್ಕಂಡದೆ’ ಎಂದ. ಬೆಸುಗೆ ಬಿಡಿಸಿ ತೋರಿಸಿದಾಗ ನಮ್ಮ ಬಚ್ಚಲ ಹಂಡೆಯ ತಳವೇ ಕಂಡಂತಾಯಿತು. ಉಪ್ಪುನೀರಲ್ಲಿ ಬೇಳೆ ಬೇಯುವುದಿಲ್ಲವೆಂದು ಒಳ್ಳೆಯ ನೀರೆಲ್ಲ ಸಾರಿಗೆ, ಬೋರ್‌ವೆಲ್ಲಿನದು ಗಾಡಿಗೆ. ‘ಗಾಡಿಗೇನು ನಾಲಿಗೆ ಇದೆಯೇನೇ ರುಚಿ ನೋಡೋಕೆ’ ಅನ್ನುತ್ತಿದ್ದಿರಿ. ತಪ್ಪು ನಿಮ್ಮೊಬ್ಬರದೇ ಅಲ್ಲ, ದಿನಾ ಹೊಯ್ದವಳು ನಾನು. ಗಡಸು ನೀರಿನ ಪಾಠ ಮಾಡಲು ಹೊರಟ ಟೀಚರಮ್ಮನಿಗೂ ಹೊಳೆಯಲಿಲ್ಲ ನೋಡಿ. ಅಂದಾನಿ ಒಂದೊಂದು ಕೊಳವೆಗೂ ಕಡ್ಡಿ ಹಾಕಿ ಕೆರೆದು, ತೊಳೆದು, ಮತ್ತೆ ಬೆಸೆದು ಕೂಲಂಟ್ ತುಂಬಿಸಿದ. ನಿನ್ನೆ ಪೂರ್ತಿ ಲೋಡಿನಲ್ಲಿ ಹೋಗಿಬಂದೆ. ಮುಳ್ಳು ಅರ್ಧಕ್ಕಿಂತ ಮೇಲೇಳಲಿಲ್ಲ.

ಅಮ್ಮನಿಗೆ ನಮಸ್ಕಾರ, ಅಕ್ಕನಿಗೆ ನೆನಪು. ಉಪ್ಪಿನಕಾಯಿಯ ಜಾಡಿಯಿಂದ ದೂರವಿರಿ.

ನಿಮ್ಮ ಮಗಳು,
ವೃಂದಾ

ಮತ್ತೊಂದು ವಿಷಯ: ಇದನ್ನು ನೀವೊಬ್ಬರೇ ಓದಿಕೊಳ್ಳಿ. ಗಾಡಿಗೆ ಇನ್ನು ಐದು ವರ್ಷ ಏನೂ ಆಗುವುದಿಲ್ಲವಂತೆ, ಅಂದಾನಿ ಅದರ ಬೆನ್ನು ತಟ್ಟಿ ಹೇಳಿದ. ಅದು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಲು ನನಗೆ ಕೈ ಬರಲಿಲ್ಲ. ನನ್ನನ್ನು ಬಿಡುವ ಮಾತನ್ನು ಗಾಡಿಗೆ ಒಪ್ಪಿಸಬೇಡಿ ಅಪ್ಪ, ನೀವೇ ಹೇಳಿ. ಅಕ್ಕ ಪಕ್ಕದಲ್ಲಿಲ್ಲದಾಗ ಫೋನ್ ಮಾಡಿ ‘ಹೋಗು’ ಅಂದರೆ ಸಾಕು. ನಾಳೆ ಬಿಟ್ಟು ಮುಂದಿನ ಸೋಮವಾರ ಜೂನ್ ಎರಡು. ಅವತ್ತೇ ಮಾಧವರಂಗೆ ನೂರೈವತ್ತು ಊಟ ಇದೆ. ನಿಮ್ಮ ಫೋನ್ ಬರದಿದ್ದರೆ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆಯುತ್ತೇನೆ.