ಅರಗಿನ ಮೇಲಿನ ಒಂದಾಣೆ

೧೫ ಎಪ್ರಿಲ್ ೧೯೪೬, ಸೋಮವಾರ

ಆಯಿಲ್ ಕಡ್ಡಿ ಒರೆಸಿ, ಅದ್ದಿ ನೋಡಿದೆ. ಮೇಲಿನ ಗೆರೆಗೆ ಸರಿಯಾಗಿದೆ. ನೀರು ಭರ್ತಿ. ಸೀಲ್ ಇದೆ. ತಿಳವಳ್ಳಿಗೆ ಹೋಗಿ ಬಂದದ್ದು ಇಪ್ಪತ್ತನಾಲ್ಕು ಮೈಲಿ. ಮೂರು ದಿನಕ್ಕೆ ಎಪ್ಪತ್ತೆರಡು.

ಯುದ್ಧದ ವರ್ಷಗಳಲ್ಲಿ ಪೆಟ್ರೋಲ್ ಸಿಗದೆ ನಮ್ಮ ಹಾನಗಲ್ಲ ದವಾಖಾನೆಯ ಡಾಕ್ಟರ ಮೋಟಾರು ಇದ್ದಿಲ ಗ್ಯಾಸಿನ ಮೇಲೆ ಓಡಿತು. ಬೂದಿ ತಿಂದು ಇಂಜಿನ್ ಸವೆದುಹೋಯಿತು. ಸವಣೂರಿನ ಮಲ್ಲಿಕಸಾಬ ಮಿಸ್ತ್ರಿ ಪೂರಾ ಬಿಚ್ಚಿ, ಹೊಸ ಪಿಸ್ಟನ್, ರಿಂಗು ಹಾಕಿ ಕಟ್ಟಿಕೊಟ್ಟಿದ್ದಾರೆ. ಶರತ್ತು ಒಂದೇ — ಮೊದಲ ಐನೂರು ಮೈಲಿ ವೇಗದ ಮುಳ್ಳು ಇಪ್ಪತ್ತರ ಮೇಲೆ ಏರಬಾರದು. ಇಬ್ಬರಿಗಿಂತ ಹೆಚ್ಚು ಜನ ಕೂರಬಾರದು.

"ಹೊಸಾ ಕೆರವು ಇದ್ದಂಗ್ರಿ ನರ್ಸಬಾಯಾರ. ಮೊದ್ಲ ಅಂಗಳದಾಗ ಅಡ್ಡಾಡಬೇಕು. ಮೆಟ್ಟಿದ ದಿನಾನ ಹುಬ್ಬಳ್ಳಿಗೆ ನಡದ್ರ ಕಾಲೂ ಹೋತು, ಕೆರವೂ ಹೋತು."

ವೇಗ ಏರದಂತೆ ಪೆಡಲಿನ ಕೆಳಗೆ ಮರದ ತುಂಡು ಇಟ್ಟು, ದಾರ ಸುತ್ತಿ, ಗಂಟಿನ ಮೇಲೆ ಅರಗು ಸುರಿದರು. ಒತ್ತಲು ಮುದ್ರೆ ಇರಲಿಲ್ಲ. ನನ್ನ ಚೀಲದಲ್ಲಿದ್ದ ಒಂದಾಣೆ ಕೊಟ್ಟೆ. ೧೯೪೦ರದು. ಅದನ್ನು ಖರ್ಚು ಮಾಡದೆ ಪೆನ್ನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಮೈಲಿ, ವೇಗ ಬೇರೊಂದು ಪುಸ್ತಕದಲ್ಲಿ ಬರೆಯುವ ಕೆಲಸ ನನಗೆ ಬಂತು. ಡ್ರೈವರ್ ಮೆಹಬೂಬನಿಗೆ ಓದು ಬರಹವಿಲ್ಲ. ಹೇಗೂ ನಾನು ದಾರಿಯ ಊರುಗಳ ಬಸಿರು ಹೆಂಗಸರನ್ನು ನೋಡಬೇಕು.

೧೮ ಎಪ್ರಿಲ್

ಇಪ್ಪತ್ತರ ವೇಗದಲ್ಲಿ ದಾರಿ ಮುಗಿಯುವುದಿಲ್ಲ. ಮಡಿಲಲ್ಲಿ ಪುಸ್ತಕ ಬಿಚ್ಚಿದೆ. ಬಂಗಾಲಿಯಿಂದ ಬಂದ ಕಾದಂಬರಿ. ಮೆಹಬೂಬ ಕೇಳಿದ — "ಮನಸಿನಾಗ ಯಾಕ ಓದ್ತೀರಿ ಬಾಯಾರ? ನನಗೂ ಒಂದೀಟು ಕೇಳಸ್ರಿ."

ಜೋರಾಗಿ ಓದಿದೆ. ಇಪ್ಪತ್ತರಲ್ಲಿ ಇಂಜಿನ್ ಸದ್ದು ಸಣ್ಣದು, ದನಿ ಏರಿಸಬೇಕಾಗಲಿಲ್ಲ. ಅನುವಾದಕರು ಕಲಕತ್ತೆಯ ಹೆಂಗಸಿನ ಕೈಯಲ್ಲಿ ಜೋಳದ ರೊಟ್ಟಿ ತಟ್ಟಿಸಿದ್ದಾರೆ. ಅಲ್ಲಿ ಅನ್ನ ಉಣ್ಣುತ್ತಾರೆ ಎಂದು ಹೇಳಿದೆ.

"ಇರ್ಲಿ ಬಿಡ್ರಿ. ನಮ್ಮ ಕಡೀ ಬಂದ ಮ್ಯಾಲ ರೊಟ್ಟಿ ತಿನ್ಲಿ."

ನಕ್ಕೆ. ಎಷ್ಟು ದಿನವಾಗಿತ್ತೋ.

೨೨ ಎಪ್ರಿಲ್

ಆಡೂರು. ಒಟ್ಟು ೨೩೨ ಮೈಲಿ.

ಗುತ್ತೆವ್ವನನ್ನು ನೋಡಿದೆ. ಏಳು ತಿಂಗಳು ತುಂಬಿದೆ. ಹಿಂದಿನ ಎರಡೂ ಸಲ ಕೂಸು ಅಡ್ಡ ತಿರುಗಿತ್ತು, ಎರಡೂ ಸಲ ಮಳೆ. ದವಾಖಾನೆಯವರೆಗಿನ ಎಂಟು ಮೈಲಿಗೆ ಎತ್ತಿನ ಚಕ್ಕಡಿ ಮೂರು ತಾಸಿಗಿಂತ ಹೆಚ್ಚು ತಿಂದಿತ್ತು. ಎರಡೂ ಕೂಸು ದಾರಿಯಲ್ಲೇ ಹೋದವು. ಮುಂಚಿತವಾಗಿ ಹಾನಗಲ್ಲಿಗೆ ಬಂದಿರು ಎಂದರೆ ಅತ್ತೆ ಅಡಿವೆವ್ವ ಒಪ್ಪುವುದಿಲ್ಲ. ತುಂಬಿದ ಬಸಿರಿ ಬೇನೆ ಏಳುವ ಮೊದಲು ಊರ ಹಳ್ಳ ದಾಟಬಾರದಂತೆ.

"ಈ ಸಲ ಮೋಟಾರ ಬರ್ತೇತೇನ್ರಿ ಅಕ್ಕಾ?"

"ಬರ್ತೇತಿ. ಅರ್ಧ ತಾಸು ಸಾಕು."

ಅಡಿವೆವ್ವ ಹೊಸ್ತಿಲಲ್ಲಿ ನಿಂತು ಅಂದಳು — "ನೀವು ಬರೂದು ನೋಡಿದ್ನಲ್ಲಾ! ನಾಯಿ ಮುಂದ, ಮೋಟಾರ ಹಿಂದ. ನಮ್ಮ ಎತ್ತ ಎಷ್ಟೋ ಚಲೋ."

"ಆಯೀ, ಐನೂರ ಮೈಲಿ ಮುಗೀಲಿ," ಅಂದ ಮೆಹಬೂಬ. "ಆಮ್ಯಾಲ ನಿನ್ನ ಎತ್ತಿಗೆ ನನ್ನ ಧೂಳಾನೂ ಕಾಣಾಂಗಿಲ್ಲ."

ನಾನು ಯಾರಿಗೂ ಹೀಗೆ ಮಾತು ಕೊಡುವವಳಲ್ಲ. ಈ ಸಲ ಕೊಟ್ಟೆ. ಇಂಜಿನ್ ನಂಬಿ ಕೊಟ್ಟೆ.

೨೭ ಎಪ್ರಿಲ್, ಶನಿವಾರ

೩೨೮. ಶಿಗ್ಗಾಂವಿಗೆ ಅಕ್ಕನ ಮನೆಗೆ ಹೊರಟಿದ್ದೇನೆ. ನಾಲ್ಕು ದಿನ. ಬರುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ ಎಂದು ಡಾಕ್ಟರಿಗೂ ಹೇಳಿದೆ, ಮೆಹಬೂಬನಿಗೂ ಹೇಳಿದೆ. "ನನ್ನ ಕೊರಳಾಣೆ ಬಾಯಾರ," ಅಂದ.

೧ ಮೇ

ಬಂದೆ. ಮೀಟರು ೩೨೮. ಸೀಲ್ ಇದೆ. ಗಾಡಿ ತೊಳೆದಿಟ್ಟಿದ್ದಾನೆ — ಒಳಗೆ ಸಹ. ಒಳ್ಳೆಯವನು.

೪ ಮೇ

೪೦೦. ಕಥೆಯಲ್ಲಿ ಮನೆಯ ಗುಮಾಸ್ತ ಗಂಡನ ಕಾಗದವನ್ನು ಹೆಂಡತಿಗೆ ಕೊಡದೆ ಮುಚ್ಚಿಟ್ಟಿದ್ದಾನೆ. ಅವಳು ದಿನವೂ ಅವನನ್ನೇ ಕೇಳುತ್ತಾಳೆ — ಟಪಾಲು ಬಂತೇ?

ಮೆಹಬೂಬ ಎದುರಿಗೆ ಬಂದ ಚಕ್ಕಡಿಗೆ ದಾರಿ ಬಿಟ್ಟ. ಆಮೇಲೆ — "ಅಂವಾ ಹೇಳಬೇಕಿತ್ರಿ."

"ಹೌದು."

"ಆದ್ರ ಹೇಳಾಕ ಬರಬೇಕಲ್ರಿ."

ಎಷ್ಟು ಸೂಕ್ಷ್ಮವಾಗಿ ಕೇಳುತ್ತಾನೆ ಎಂದುಕೊಂಡೆ. ಓದಿದವರಿಗೂ ಇಷ್ಟು ಹೊಳೆಯುವುದಿಲ್ಲ ಎಂದುಕೊಂಡೆ.

೬ ಮೇ

ಏರಿನಲ್ಲಿ ಟಕ್ ಟಕ್ ಸದ್ದು. ಮೊದಲು ಇರಲಿಲ್ಲ. "ಪೆಟ್ರೋಲ್ ಹೊಲಸ ಇರಬೇಕ್ರಿ," ಅಂದ.

೮ ಮೇ, ಬುಧವಾರ. ಸಂಜೆ

೪೯೬. ಇನ್ನು ನಾಲ್ಕು ಮೈಲಿ.

ಆಯಿಲ್ ಕೆಳಗಿನ ಗೆರೆಗೂ ಮುಟ್ಟುತ್ತಿಲ್ಲ. ಇಪ್ಪತ್ತಾರನೇ ತಾರೀಖಿನವರೆಗೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ; ಬರೆದಿಟ್ಟಿದ್ದೇನೆ. ಒಂದೊಂದಾಗಿ ಎಲ್ಲ ನೋಡಿದೆ. ಸೋರಿಕೆ ಇಲ್ಲ. ಪೆಡಲಿನ ಹತ್ತಿರ ಬಗ್ಗಿದೆ. ದಾರ ಇದೆ. ಅರಗು ಇದೆ.

ಅರಗಿನ ಮೇಲಿನ ಅಂಕಿ ತಿರುವುಮುರುವು. ಕೈಗನ್ನಡಿ ಹಿಡಿದು ಓದಿದೆ.

೧೯೩೮.

ಮನೆಗೆ ಬಂದು ಪೆನ್ನಿನ ಪೆಟ್ಟಿಗೆ ತೆಗೆದೆ. ನನ್ನ ಆಣೆ ಅಲ್ಲೇ ಇದೆ. ೧೯೪೦. ಈ ಪುಸ್ತಕದ ಹಿಂದಿನ ಹಾಳೆ ತಿರುವಿದೆ. ಅಲ್ಲಿಯೂ ೧೯೪೦.

ಆಣೆ ಅಂದರೆ ಆಣೆ, ಒಂದರಂತೆ ಒಂದು ಎಂದುಕೊಂಡಿದ್ದಾನೆ. ಓದಲು ಬಾರದವನು.

೯ ಮೇ

ಶೆಡ್ಡಿನಲ್ಲಿ ಕೇಳಿದೆ. ಆಣೆಯನ್ನು ಸೀಟಿನ ಮೇಲೆ ಇಟ್ಟೆ, ಅಷ್ಟೆ. ಅವನಿಗೆ ತಿಳಿಯಿತು.

"ಡಾಕ್ಟ್ರ ತಂಗಿ ಮಗಳ ಲಗ್ನ ಇತ್ರಿ, ಹಂಸಭಾವಿಯೊಳಗ. ಸವಣೂರಿನ ಬೀಗರ ಬಸ್ಸು ಕೈ ಕೊಟ್ತು. ಒಂಬತ್ತ ಮಂದಿ, ಮ್ಯಾಲ ಟ್ರಂಕು. ಹೊಡಿ ಅಂದ್ರು. ಹೊಡದೆ."

"ಎಷ್ಟು ವೇಗ?"

"ಸದ್ದಿನ ಮ್ಯಾಲ ನಲವತ್ತೈದು ಇದ್ದೀತ್ರಿ. ಹಿರೇಕೆರೂರ ರಸ್ತಾದಾಗ ಐವತ್ತು."

"ಮೀಟರು?"

"ಕೇಬಲ್ ಬಿಚ್ಚಿದ್ನಿ."

"ಡಾಕ್ಟರು ಹೇಳಿದರೇ?"

ತಲೆ ತಗ್ಗಿಸಿದ. "ಗಾಡಿ ಒಯ್ಯಿ ಅಂದವ್ರು ಅವ್ರು. ಕೇಬಲ್ಲು, ಅರಗು — ಅದು ನಂದ ಕೆಲಸ. ನೀವು ನೊಂದ್ಕೋತೀರಿ ಅಂತ."

ಒಂದು ಭಾನುವಾರ ಗಾಡಿ ಓಡಿಸಿದ್ದನ್ನು ಕ್ಷಮಿಸಬಲ್ಲೆ. ಅವನದು ನೌಕರಿ. ಆದರೆ ಅದಾದ ಮೇಲೆ ಏಳು ದಿನ ಪಕ್ಕದಲ್ಲಿ ಕೂತು, ಸತ್ತ ಇಂಜಿನ್ನನ್ನು ಇಪ್ಪತ್ತರಲ್ಲಿ ನಡೆಸುತ್ತ, ಮುಳ್ಳು ತೋರಿಸಿ "ಬರಕೊಳ್ರಿ ಬಾಯಾರ" ಎಂದನಲ್ಲ. ನಾನು ಬರೆದೆ. ಮುಂದಿನ ಅಧ್ಯಾಯ ಓದಿದೆ.

ಡಾಕ್ಟರ ಹತ್ತಿರ ಹೋದೆ. ಚಹಾ ಕುಡಿಯುತ್ತಿದ್ದರು.

"ಗಾಡಿ ನಂದು, ಶೇಖವ್ವಬಾಯಿ. ನಿಮ್ಮ ಅರಗಿನ ಸಲುವಾಗಿ ಮುಹೂರ್ತ ನಿಂದರಸ್ಲೇನು?"

ಗುತ್ತೆವ್ವನ ಬೇನೆಯನ್ನು ನಿಲ್ಲಿಸುತ್ತೀರೇನು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರು ಕೇಳುತ್ತಾರೆ?

೧೩ ಮೇ

ಮಲ್ಲಿಕಸಾಬ ಬಂದಿದ್ದರು. ಬರುವ ಮೊದಲೇ ಡಾಕ್ಟರು ಅವರಿಗೆ ಹೇಳಿಕಳಿಸಿದ್ದರು — ನಿನ್ನ ಕೆಲಸ ಹಸಿ, ಇಂಜಿನ್ ನಿಲ್ಲಲಿಲ್ಲ. ಸಾಕ್ಷಿಗೆ ನನ್ನ ಮೈಲಿ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟಿದ್ದರು. ಪ್ರತಿ ಸಾಲು ನನ್ನ ಕೈಬರಹ. ಪ್ರತಿ ಸಾಲೂ ಇಪ್ಪತ್ತು. ಒಂದು ತಿದ್ದುಪಡಿ ಸಹ ಇಲ್ಲ. ಇಷ್ಟು ಚೊಕ್ಕ ಸುಳ್ಳನ್ನು ನಾನು ಕಂಡಿಲ್ಲ.

ಮುದುಕರು ಆಯಿಲ್ ಇಳಿಸಿ, ಅಂಗೈ ಮೇಲೆ ಹಾಕಿಕೊಂಡು ಬಿಸಿಲಿಗೆ ಹಿಡಿದರು. ಸವೆದ ಲೋಹ ಬೆಳ್ಳಿಯ ಪುಡಿಯ ಹಾಗೆ ಮಿನುಗಿತು.

"ಇಪ್ಪತ್ತರಾಗ ಓಡಿದ ಇಂಜಿನ್ ಹಿಂಗ ಅಳೂದಿಲ್ರಿ."

ಎಲ್ಲರ ಎದುರು ನನ್ನ ಆಣೆಯನ್ನು ಅರಗಿನ ಪಕ್ಕ ಇಟ್ಟೆ. ಎರಡೂ ಅಂಕಿ ಓದಿ ಹೇಳಿದೆ. ಡಾಕ್ಟರು ಎದ್ದು ಒಳಗೆ ಹೋದರು. ಮೆಹಬೂಬ ಗೋಡೆ ನೋಡುತ್ತಿದ್ದ.

ಹೊಸ ಪಿಸ್ಟನ್ ಮುಂಬೈಯಿಂದ ಬರಲು ಎರಡು ತಿಂಗಳು. ಗುತ್ತೆವ್ವನಿಗೆ ಉಳಿದದ್ದು ಒಂದು.

"ಅಲ್ಲಿತನಕ?" ಕೇಳಿದೆ.

"ಸಾವಕಾಶ ಹೋದ್ರ ಹೋಗ್ತೇತಿ. ಜೋರಿನ ಓಟ ಒಂದ ತಡಕೋಬಹುದು. ಎರಡ ತಡಿಯಾಂಗಿಲ್ಲ ತಾಯಿ."

೩ ಜೂನ್

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಕಾದಂಬರಿಯಲ್ಲಿ ನಲವತ್ತು ಪುಟ ಉಳಿದಿವೆ. ತೆರೆದಿಲ್ಲ.

ಮಳೆ ಹಿಡಿದಿದೆ. ನಾಳೆ ಆಡೂರಿಗೆ ಹೋಗಿ ಗುತ್ತೆವ್ವನ ಮನೆಯಲ್ಲೇ ಇರುತ್ತೇನೆ. ಕೂಸು ಅಡ್ಡಲಾದರೆ ಕೈಯಿಂದ ತಿರುಗಿಸಲು ನೋಡುವೆ. ಆಗದಿದ್ದರೆ ಹಾನಗಲ್ಲಿನ ಆಪರೇಶನ್ ಟೇಬಲ್ಲೇ ಬೇಕು.

ಹಾಗಾಗಿ ಮೆಹಬೂಬನ ಜೊತೆ ಮಾತಾಡಬೇಕಾಯಿತು. ಕರೆ ಬಂದಾಗ ಇಪ್ಪತ್ತರಲ್ಲಿ ಬಾ. ಒಂದು ಓಟ ಉಳಿದಿದೆ, ಅದು ಹೋಗುವಾಗ ಗುತ್ತೆವ್ವನಿಗೆ ಬೇಕು. ಎರಡು ಸಲ ಹೇಳಿದೆ.

"ಇಪ್ಪತ್ತು. ಕೊರಳಾಣೆ ಬಾಯಾರ."

ಅದೇ ಆಣೆ. ಬಾಗಿಲ ತನಕ ಹೋದವನು ತಿರುಗಿ ನಿಂತ. "ಆ ಕಾಗದ ಕಡೀಗೆ ಆಕಿ ಕೈಗೆ ಸಿಕ್ತೇನ್ರಿ?"

ಕಥೆಯಲ್ಲಿ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ನನಗೂ ಗೊತ್ತಿಲ್ಲ.

೧೧ ಜೂನ್, ಮಂಗಳವಾರ. ಆಡೂರು

ಮಧ್ಯಾಹ್ನ ೧-೩೦. ಬೆಳಗಿನಿಂದ ಬೇನೆ. ಕೂಸು ಅಡ್ಡ. ಎರಡು ಸಲ ಪ್ರಯತ್ನಿಸಿದೆ, ತಿರುಗಲಿಲ್ಲ. ಕೂಸಿನ ಗುಂಡಿಗೆ ಚೆನ್ನಾಗಿ ಬಡಿಯುತ್ತಿದೆ. ಗಂಡ ಫಕ್ಕೀರಪ್ಪನನ್ನು ಸೈಕಲ್ ಮೇಲೆ ಹಾನಗಲ್ಲಿಗೆ ಕಳಿಸಿದೆ.

೨-೧೫. ಮಳೆ. ಅಡಿವೆವ್ವ ಹಳ್ಳ ನೋಡಿ ಬಂದಳು. "ಮೊಣಕಾಲ ಮಟ ಐತಿ. ಇನ್ನೊಂದ ತಾಸಿಗೆ ದಾಟಾಕ ಬರೂದಿಲ್ಲ. ಎತ್ತ ಕಟ್ಟಸ್ಲೇನ್ರಿ?" ಬೇಡ ಎಂದೆ. ಮೂರನೇ ಸಲ ಚಕ್ಕಡಿ ಬೇಡ.

೨-೪೦. ಬೇನೆ ಮೂರು ಮಿನಿಟಿಗೊಮ್ಮೆ. ನಡುವೆ ಬರೆಯುತ್ತಿದ್ದೇನೆ. ಫಕ್ಕೀರಪ್ಪ ಈಗ ಮುಟ್ಟಿರಬೇಕು. ಇಪ್ಪತ್ತರಲ್ಲಿ ಹೊರಟರೆ ೩-೦೫ಕ್ಕೆ ಮೊದಲು ಮೆಹಬೂಬ ಬರಲಾರ. ನನ್ನನ್ನು ಮೋಸಗೊಳಿಸಿದವನ ದಾರಿಯನ್ನೇ ಕಾಯುತ್ತಿದ್ದೇನೆ. ಬೇರೆ ಯಾರಿದ್ದಾರೆ?

೨-೫೨. ಮೋಟಾರು. ಇಷ್ಟು ಬೇಗ...

ಇದು ಇಪ್ಪತ್ತರ ಸದ್ದಲ್ಲ. ಐನೂರು ಮೈಲಿ ಪಕ್ಕದಲ್ಲಿ ಕೂತವಳಿಗೆ ಗೊತ್ತು. ನಲವತ್ತು. ಹೆಚ್ಚೇ ಇರಬೇಕು. ಟಕ್ ಟಕ್ ಇಲ್ಲಿಗೆ ಕೇಳುತ್ತಿದೆ. ಉಳಿದ ಒಂದೇ ಓಟವನ್ನು ಬರುವಾಗಲೇ ಮುಗಿಸುತ್ತಿದ್ದಾನೆ. ಹಳ್ಳ ಏರುವುದರೊಳಗೆ ದಾಟಲೆಂದೋ, ನನ್ನ ಮಾತು ಉಳಿಸಲೆಂದೋ. ಕೊರಳಾಣೆ ಅಂದಿದ್ದ.

"ಬಂತೇನ್ರಿ ಅಕ್ಕಾ?" ಗುತ್ತೆವ್ವ ನನ್ನ ಸೆರಗು ಹಿಡಿದು ಕೇಳುತ್ತಿದ್ದಾಳೆ.

ಸದ್ದು ನಿಂತಿತು. ಹಳ್ಳದ ಈಚೆಯೋ, ಆಚೆಯೋ? ಸೆರಗು ಬಿಡಿಸಿಕೊಂಡು ನೋಡಲು ಹೋಗುತ್ತಿದ್ದೇನೆ.