ಚರಕದ ಶೆಡ್ಡಿನ ಕೂಗು

ಕೊಳ್ಳೇಗಾಲ
೧೭-೩-೧೯೯೪

ಮ್ಯಾನೇಜರ್ ರುದ್ರಸ್ವಾಮಿಯವರಿಗೆ ಮೇಸ್ತ್ರಿ ಶಿವರತ್ನಮ್ಮನ ನಮಸ್ಕಾರಗಳು.

ತಾವು ತರಬೇತಿಗೆಂದು ಮೈಸೂರಿಗೆ ಹೋಗುವ ಮುನ್ನ ಎರಡು ಆದೇಶ ಕೊಟ್ಟಿದ್ದಿರಿ. ರೇಷ್ಮೆ ನೂಲು ತೆಗೆಯುವಾಗ ಯಾರೂ ಕೂಗಬಾರದು. ಕನ್ನಡ ಬಾರದ ಮೂವರು ತಮಿಳು ಹೆಂಗಸರನ್ನು ತಿಂಗಳ ಕೊನೆಗೆ ಬಿಡಿಸಬೇಕು.

ಮೊದಲನೆಯದನ್ನು ಎರಡು ದಿನ ಪಾಲಿಸಿದೆವು. ಬಿಸಿನೀರಿನಲ್ಲಿ ಗೂಡಿನ ಎಳೆ ಮುಗಿದದ್ದು ಚರಕ ತಿರುಗಿಸುವವಳಿಗೆ ತಿಳಿಯದೆ ನೂಲು ತೆಳ್ಳಗಾಗಿ ಹರಿಯಿತು. ಮೂರನೆಯ ದಿನ ಚರಕ ತಿರುಗಿಸುವ ಪುಟ್ಟಸಿದ್ದಮ್ಮ ಸಿಡಿದಳು: “ನಾವ್ ಬಾಯ್ ಮುಚ್ಕಂಡ್ರೆ ಎಳೆ ಬಾಯ್ ಬುಡ್ತದೆ ಕಣಕ್ಕ!” ಮತ್ತೆ ಕೂಗಲು ನಾನೇ ಒಪ್ಪಿದೆ. ಹಿಂದೆ ತಂತಮ್ಮ ಭಾಷೆಯಲ್ಲಿ ಕೂಗುತ್ತಿದ್ದವರು ಈಗ ಎದುರಿನವಳ ಭಾಷೆಯಲ್ಲಿ ಕೂಗುತ್ತಾರೆ.

ಚರಕ ನಿಲ್ಲಿಸಲು, ಆ ಮೂವರಲ್ಲಿ ಬಿಸಿನೀರಿನ ಬಳಿ ಕೂರುವ ಅಂಜಲೈ ಕನ್ನಡದಲ್ಲಿ ‘ತಡಿ’ ಎನ್ನುತ್ತಾಳೆ. ಹೊಸ ಗೂಡು ಹಾಕಿಸಲು ಪುಟ್ಟಸಿದ್ದಮ್ಮ ತಮಿಳಿನಲ್ಲಿ ‘ಪೋಡು’ ಎನ್ನುತ್ತಾಳೆ. ಹೀಗೆ ಕಲಿಯಿರೆಂದು ನಾನು ಯಾರಿಗೂ ಹೇಳಿಕೊಟ್ಟಿಲ್ಲ. ನೂಲು ಹರಿಯಬಾರದೆಂದು ಅವರೇ ಮಾಡಿಕೊಂಡ ಏರ್ಪಾಡು.

ನಿನ್ನೆ ನೂಲಿನ ಪರೀಕ್ಷೆಯ ಚೀಟಿ ಬಂತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ನಮ್ಮ ನೂಲಿಗೆ ಮೊದಲ ದರ್ಜೆ ಸಿಕ್ಕಿದೆ. ನೇಕಾರರು ಮುಂದಿನ ತಿಂಗಳಿಗೆ ಎರಡರಷ್ಟು ಕೇಳಿದ್ದಾರೆ. ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ಹೊಡೆಯಿತು. ಅಂಜಲೈ ಮಾತ್ರ ನನ್ನ ಬಳಿ ಬಂದು, ಕಲಿತಷ್ಟು ಕನ್ನಡ ಬೆರೆಸಿ, “ಅಕ್ಕಾ, ಇನಿಮೇಲೂ ನಾನು ಬರಲಾ?” ಎಂದು ಕೇಳಿದಳು. ಬಾ ಎಂದಿದ್ದೇನೆ.

ಆದ್ದರಿಂದ ಎರಡನೆಯ ಆದೇಶವನ್ನೂ ತಾವು ಹಿಂತೆಗೆದುಕೊಳ್ಳಬೇಕು. ಹೆಚ್ಚಿನ ನೂಲಿಗೆ ಈಗಿರುವ ಕೈಗಳು ಸಾಲವು. ಹನೂರಿನಿಂದ ಅಂಜಲೈಯ ಇಬ್ಬರು ನಾದಿನಿಯರು ಸೋಮವಾರ ಕೆಲಸಕ್ಕೆ ಬರುತ್ತಾರೆ. ಅವರಿಗೂ ಕನ್ನಡ ಬಾರದು. ಹಾಜರಿ ಪುಸ್ತಕದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಹೆಸರುಗಳನ್ನು ತಾವೇ ಬರೆಯಬೇಕು.

ಶೆಡ್ಡಿನ ಹದಿನಾಲ್ಕು ಮಂದಿಯ ಪರವಾಗಿ,
ಶಿವರತ್ನಮ್ಮ