ಆರು ಸೆಕೆಂಡಿನ ಜಾರುಬಂಡೆ

ವಿಮಾನ ನಿಲ್ದಾಣದ ಹಿಂಬದಿ ಕ್ವಾರ್ಟರ್ಸ್
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ರಾಯರಿಗೆ,

ಸೊಂಟನೋವು ಹೇಗಿದೆ? ಎಂಜಿನ್ ಕೆಳಗೆ ಬಗ್ಗಿ ನಿಲ್ಲಬೇಡಿ, ಸ್ಟೂಲ್ ಹಾಕ್ಕೊಳ್ಳಿ ಅಂತ ಡಾಕ್ಟರು ಹೇಳಿ ಮೂರು ತಿಂಗಳಾಯ್ತು. ನೀವು ಹಾಕ್ಕೊಂಡಿರಲ್ಲ, ನಂಗೊತ್ತು. ನಾನೂ ಮಗಳೂ ಚೆನ್ನಾಗಿದ್ದೀವಿ. ಅವಳ ಮುಂದಿನ ಎರಡು ಹಲ್ಲು ಬಿದ್ದು, ನಗೋವಾಗ ಥೇಟ್ ನಿಮ್ಮಮ್ಮನ ಹಾಗೇ ಕಾಣ್ತಾಳೆ. ಅತ್ತೆಗೆ ಹೇಳಿಬಿಟ್ಟೀರಾ ಮತ್ತೆ! ಫೋನ್ ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತೆ. ಸಂಜೆ ವಿಮಾನದ ಕ್ಯಾಪ್ಟನ್ ಇದನ್ನ ಜೇಬಲ್ಲಿಟ್ಟುಕೊಂಡು ಬರ್ತಾರೆ, ಅವರಿಗೊಂದು ಕಾಫಿ ಕುಡಿಸಿ.

ನಮ್ಮ ಕಂಪನಿ, ನಿಮ್ಮ ಕಂಪನಿ ಒಂದಾಗೋ ಸುದ್ದಿ ಅಲ್ಲೂ ಬಿಸಿಬಿಸಿಯಾಗೇ ಇರಬೇಕು. ಇಲ್ಲಂತೂ ಬಾಯಿಗೊಂದು ಮಾತು. ಪೈಲಟ್‌ಗಳು ಆಗಲಿ ಅಂತಾರೆ, ದೊಡ್ಡ ವಿಮಾನ ಸಿಗುತ್ತಲ್ಲ! ಕೌಂಟರಿನ ಹುಡುಗೀರು, ಒಂದು ಕೌಂಟರಿಗೆ ಇಬ್ಬಿಬ್ಬರನ್ನ ಯಾರು ಇಟ್ಕೊಳ್ತಾರೆ ಅಂತ ಕೈ ಕೈ ಹಿಸುಕ್ಕೊಳ್ತಿದ್ದಾರೆ. ಲೋಡರ್‌ಗಳು, ಯಾರು ಬಂದರೂ ಸೂಟ್‌ಕೇಸ್ ಹಗುರ ಆಗಲ್ಲ ಬಿಡಿ ಅಂತ ನಗ್ತಾರೆ. ನಂಗೆ ಮಾತ್ರ ಒಂದೇ ಯೋಚನೆ. ಎರಡೂ ಒಂದಾದರೆ ನಿಮಗೆ ಇಲ್ಲಿಗೇ ವರ್ಗ ಸಿಗುತ್ತೆ. ಏಳು ವರ್ಷದಿಂದ ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಮುಖ ತೋರಿಸೋ ಗಂಡ ದಿನಾ ಸಂಜೆ ಬಾಗಿಲು ತಟ್ಟೋದು ಅಂದ್ರೆ ಸಣ್ಣ ಮಾತಾ? ಆದರೆ ಆಗ, ಅಪಾಯದಲ್ಲಿ ಜನ ವಿಮಾನದ ಬಾಗಿಲಿಂದ ಜಾರಿ ಇಳಿಯೋ ಗಾಳಿ ಜಾರುಬಂಡೆ ಮಡಿಸೋ ನಮ್ಮ ಸೆಕ್ಷನ್ ಮುಚ್ತಾರಂತೆ. ನಿಮ್ಮವರು ಆ ಕೆಲಸ ಹೊರಗಿನವರಿಗೆ ಕೊಡ್ತಾರಲ್ಲ. ನಾವು ಹನ್ನೊಂದು ಹೆಂಗಸರು. ನಂಗೇನೋ ನೀವಿದ್ದೀರಿ, ಆರು ಜನರ ಮನೆ ಒಲೆ ಉರಿಯೋದೇ ಇದರಿಂದ.

ನಿನ್ನೆ ಬೆಳಿಗ್ಗೆ ಹ್ಯಾಂಗರಲ್ಲಿ ಸಭೆ ಕರೆದಿದ್ರು. ವಿಮಾನಾನ ಹೊರಗೆ ತಳ್ಳಿ, ಖಾಲಿ ನೆಲದ ಮೇಲೆ ಆರುನೂರು ಜನ ನಿಂತಿದ್ವಿ. ಕಂಪನಿಯ ಹೊಸ ದೊಡ್ಡ ಮೇಡಂ ಪಕ್ಕದಲ್ಲಿ ಒಬ್ಬ ಸಲಹೆಗಾರ. ಆ ಮಹಾಶಯ, ಜಾರುಬಂಡೆ ಸೆಕ್ಷನ್ ಅಂದ್ರೆ ಬಟ್ಟೆ ಮಡಿಸೋ ಕೆಲಸ ತಾನೇ, ಯಾರು ಮಡಿಸಿದರೇನು ಅಂದುಬಿಟ್ಟ. ನೀವೂ ಹಾಗೇ ರೇಗಿಸ್ತಿದ್ರಲ್ಲ? ಮುಂದೆ ಓದಿ. ನಮ್ಮ ಚಿಕ್ಕಮ್ಮ, ಅದೇ ರೀ, ಇಪ್ಪತ್ತಾರು ವರ್ಷದಿಂದ ಮಡಿಸ್ತಿರೋ ಹಿರಿಯಾಕೆ, ನಾಲ್ಕು ಜನರ ಮುಂದೆ ಕೆಮ್ಮೋಕೂ ನಾಚ್ಕೊಳ್ಳೋರು, ಸೀದಾ ಒಳಗೆ ಹೋದ್ರು. ಬರೋವಾಗ ಟ್ರಾಲಿಯಲ್ಲಿ ಒಂದು ಚೀಲ. ಮೂರು ವರ್ಷದ ಹಿಂದೆ ಅವರೇ ಮಡಿಸಿ ಸಹಿ ಹಾಕಿದ್ದು, ಈ ವಾರ ಪರೀಕ್ಷೆಗೆ ಅಂತ ವಿಮಾನದ ಬಾಗಿಲಿಂದ ಬಿಚ್ಚಿ ತಂದಿದ್ದು. ನಮ್ಮ ಕೆಲಸ ಪರೀಕ್ಷೆ ಮಾಡೋ ಇನ್‌ಸ್ಪೆಕ್ಟರ್ ಗಡಿಯಾರ ಹಿಡಿದು ನಿಂತ್ರು. ಚಿಕ್ಕಮ್ಮ ಎಲ್ಲರನ್ನೂ ಹಿಂದೆ ಸರಿಸಿ ಚೀಲದ ಹಿಡಿ ಎಳೆದ್ರು.

ಅಬ್ಬಬ್ಬಾ! ಏನು ಹೇಳಲಿ ರೀ! ತಗಡಿನ ಚಾವಣಿ ನಡುಗೋ ಹಾಗೆ ಬುಸ್ಸೆಂದು, ಒಲೆ ಮೇಲಿನ ಹಾಲು ಉಕ್ಕಿದ ಹಾಗೆ ಆ ಚೀಲದಿಂದ ಹಳದಿ ಬಟ್ಟೆ ಉಕ್ಕಿ ಉಕ್ಕಿ ಬಂತು. ಆರೇ ಸೆಕೆಂಡು. ಬಸ್ಸಿನುದ್ದದ ಜಾರುಬಂಡೆ ಒಂದು ಸುಕ್ಕಿಲ್ಲದೆ ನಮ್ಮ ಮುಂದೆ ಬಿದ್ದಿತ್ತು. ಗೂಡಿನಂಥ ಪರೀಕ್ಷಾ ಕೋಣೆಯಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ನೂರು ಸಲ ನೋಡಿದ್ದೀನಿ. ಅಷ್ಟು ಎತ್ತರದ ಹ್ಯಾಂಗರಲ್ಲಿ, ಅಷ್ಟು ಬೆಳಕಲ್ಲಿ ನೋಡಿದಾಗ ಮೈ ಜುಮ್ಮೆಂದಿತು. ಇದು ನಮ್ಮ ಕೈಯ ಕೆಲಸವಾ ಅನ್ನಿಸಿ ಕಣ್ಣು ತುಂಬಿಬಂತು. ಈ ಕಾಗದ ತರೋ ಕ್ಯಾಪ್ಟನ್ನೇ, ಇಷ್ಟು ವರ್ಷ ಹಾರಿಸಿದ್ದೀನಿ, ಇದನ್ನ ಮಡಿಸೋರ ಮುಖ ಒಮ್ಮೆಯೂ ನೋಡಿರಲಿಲ್ಲ ಅಂದ್ರು.

ಮೇಡಂ ಚಪ್ಪಲಿ ಬಿಟ್ಟು ಮಂಡಿಯೂರಿ ಕೂತು, ಅದರ ಅಂಚು ಮುಟ್ಟಿ ಮುಟ್ಟಿ ನೋಡಿದ್ರು. ಆ ಹೊತ್ತಲ್ಲಿ ಒಂದು ಭರವಸೆ ಕೊಟ್ಟಿದ್ರೆ ಚಪ್ಪಾಳೆಯೋ ಚಪ್ಪಾಳೆ. ಕೊಡಲಿಲ್ಲ. "ಒಂದಾದ ಮೇಲೆ ಈ ಸೆಕ್ಷನ್ ಉಳಿಸೋದು ನನ್ನ ಕೈಲಿರಲ್ಲ, ಸುಳ್ಳು ಹೇಳಲಾರೆ. ಇದನ್ನ ನೋಡಿದ ಮೇಲೆ, ಒಂದಾಗೋದು ಆಗಲಿ ಅಂತಲೋ ಬೇಡ ಅಂತಲೋ, ನಿಮ್ಮ ಮನಸ್ಸಿಗೆ ಬಂದಿದ್ದನ್ನ ಚೀಟಿಯಲ್ಲಿ ಬರೀರಿ. ಆಡಳಿತ ಮಂಡಳಿ ಮುಂದೆ ಅದನ್ನ ಹಾಗೇ ಇಡ್ತೀನಿ" ಅಂದ್ರು. ದೊಡ್ಡ ಕುರ್ಚಿಯವರ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಇದೇ ಮೊದಲು. ಊಟಕ್ಕೆ ಕೂತಾಗ ಚಿಕ್ಕಮ್ಮ ನನ್ನ ಭುಜ ಹಿಡಿದು, "ನೀನು ಆಗಲಿ ಅಂತಲೇ ಬರಿ ಕಣೇ, ನಿನ್ನ ಗಂಡ ಮನೆಗೆ ಬರಲಿ" ಅಂದ್ರು. ಉಳಿದ ಒಂಬತ್ತು ಜನವೂ ಹೂಂ ಅಂದ್ರು. ಎಂಥ ಹೆಂಗಸರು ರೀ ಇವರು!

ಬಿಡುವು ಮುಗೀತು. ಔಷಧಿ ತಪ್ಪಿಸಬೇಡಿ. ಮಗಳು ಮುತ್ತು ಕಳಿಸಿದ್ದಾಳೆ, ಮೂಲೆಯ ಜಿಡ್ಡು ಅವಳದೇ. ಎಲ್ಲಿದ್ದರೂ ಸುಖವಾಗಿರಿ.

ನಿಮ್ಮವಳು

ತಾ.ಕ.: ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೀತೀನಿ. ಇವತ್ತು ಬೆಳಿಗ್ಗೆ ಚೀಟಿ ಹಾಕಿದೆ. ಬೇಡ ಅಂತ ಬರೆದೆ ರೀ. ನಿಮ್ಮ ಕಂಪನಿಯಲ್ಲಿ ಚೀಟಿ ಹಾಕೋದು ಶುಕ್ರವಾರವಂತೆ. ನನ್ನ ನೋಡಿ ನೀವೂ ಬೇಡ ಅಂತ ಹಾಕಿಬಿಡಬೇಡಿ. ಆಗಲಿ ಅಂತ ಹಾಕಿ. ನೀವು ಮನೆಗೆ ಬರಲಿ ಅಂತ ನಮ್ಮಿಬ್ಬರಲ್ಲಿ ಒಬ್ಬರಾದರೂ ಹೇಳಬೇಕಲ್ಲ.